ಶಿಲೆಗಳ ಓದುಗ ಬೀರಬಲ್ ಸಾಹನಿ

ಒಂದು ಕಾಲದಲ್ಲಿ ನಮ್ಮ ನಾಡಿನ ಮಕ್ಕಳು ಅಕ್ಷರ ಕಲಿಯುತ್ತಿದ್ದುದು ಕಲ್ಲಿನಿಂದ ಕಲ್ಲಿನ ಮೇಲೆ ಬರೆದು. ಕೈಯಲ್ಲಿದ್ದ ಬಳಪವು ಬೇಲೂರು ಹಳೇಬೀಡುಗಳ ಶಿಲ್ಪಗಳಿಗೆ ಒದಗಿದ ಮೃದುವಾದ ಬಳಪದ ಕಲ್ಲಿನ ಜಾತಿಯದು. ಮುಂದಿದ್ದ ಹಲಗೆ ಎಂದೋ ನೀರಿನ ತಳದಲ್ಲಿ ನೆಲೆಗೊಂಡ ಕೆಸರು, ಭೂಮಿಯ ಒತ್ತಡಕ್ಕೆ ಸಿಕ್ಕಿ ಗಟ್ಟಿಯಾದುದು. ಆದರೆ ಆ ಬಳಪ ಎಲ್ಲಿಂದ ಬಂದಿತು, ಆ ಹಲಗೆ ಹೇಗಾಯಿತು ಎಂದು ಕೇಳಿದ ಮಕ್ಕಳು ವಿರಳ. ಕೇಳಿದವರಿಗೆ ಉತ್ತರ ಹೇಳಿದ ಹಿರಿಯರು ಇನ್ನೂ ವಿರಳ. ಹಳ್ಳದ ದಂಡೆಯಿಂದ ಮಗು ಆಯ್ದು ತಂದ ಬಣ್ಣದ ಕಲ್ಲನ್ನು ಹೊರಗೆಸೆಯುವಂತೆ ಗದರಿಸುವ ಮನೆಗಳುಂಟು. ಅದನ್ನಿಡಲು ಗೋಡೆಯಲ್ಲೊಂದು ಗೂಡನ್ನು ತೋರಿಸುವ ಮನೆಗಳೂ ಉಂಟು. ಎರಡನೆಯ ಬಗೆಯ ಮನೆಯೊಂದರಲ್ಲಿ ಬೆಳೆದ ಬಾಲಕನು ಮುಂದೆ ಭಾರತದ ಪುರಾಸಸ್ಯವಿಜ್ಞಾನಕ್ಕೆ ಅಡಿಪಾಯ ಹಾಕಿದನು. ಆತನೇ ಬೀರಬಲ್ ಸಾಹನಿ.

ಬೀರಬಲ್ ಸಾಹನಿಯವರು 1891ನೆಯ ಇಸವಿ ನವೆಂಬರ್ 14ರಂದು ಪಂಜಾಬಿನ ಶಾಹಪುರ ಜಿಲ್ಲೆಯ ಭೇರಾ ಎಂಬ ಊರಿನಲ್ಲಿ ಜನಿಸಿದರು. ಝೇಲಂ ನದಿಯ ತೀರದಲ್ಲಿರುವ ಈ ಊರು ಈಗ ಪಾಕಿಸ್ತಾನಕ್ಕೆ ಸೇರಿದೆ. ತಂದೆ ಲಾಲಾ ರುಚಿರಾಮ ಸಾಹನಿ, ತಾಯಿ ಈಶ್ವರದೇವಿ. ರುಚಿರಾಮರು ಬಡತನದಲ್ಲಿ ಬೆಳೆದು ಸ್ವಂತ ಪರಿಶ್ರಮದಿಂದ ಮೇಲೆ ಬಂದವರು. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡಿದ್ದ ಅವರು ಪುಸ್ತಕಗಳ ಗಂಟನ್ನು ಬೆನ್ನಿಗೇರಿಸಿಕೊಂಡು ಡೇರಾ ಇಸ್ಮಾಯಿಲ್ ಖಾನ್‌ನಿಂದ ದೂರದ ಝಂಗ್ ಪಟ್ಟಣಕ್ಕೆ ಕಾಲ್ನಡಿಗೆಯಲ್ಲಿ ಹೋಗಿ ಓದಿದರೆಂದು ಹೇಳುತ್ತಾರೆ. ಮುಂದೆ ಅವರು ಲಾಹೋರಿನ ಸರಕಾರಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರಾದರು.

ಕಾಲೇಜಿನ ಪಾಠದೊಂದಿಗೆ ತಮ್ಮ ಕರ್ತವ್ಯ ಮುಗಿಯಿತೆಂದು ರುಚಿರಾಮರು ಭಾವಿಸಲಿಲ್ಲ. ಇಂಗ್ಲಿಷ್ ಬಾರದ ಜನಕ್ಕೂ ವಿಜ್ಞಾನ ತಿಳಿಯಬೇಕೆಂಬುದು ಅವರ ಹಂಬಲ. ಪಂಜಾಬಿನ ಊರೂರುಗಳಿಗೆ ಹೋಗಿ, ಜನರ ಎದುರಿನಲ್ಲಿ ಪ್ರಯೋಗಗಳನ್ನು ಮಾಡಿ ತೋರಿಸುತ್ತ, ಪಂಜಾಬಿ ಭಾಷೆಯಲ್ಲಿಯೇ ಉಪನ್ಯಾಸ ನೀಡುತ್ತಿದ್ದರು. ಕುಡಿಯುವ ನೀರು, ಸಾಬೂನು, ತಂತಿ ಟಪಾಲು ಮೊದಲಾದ ನಿತ್ಯಜೀವನದ ವಸ್ತುಗಳೇ ಅವರ ವಿಷಯಗಳು. ಅಂಗಡಿಕಾರರೂ ಕೈಕಸಬಿನವರೂ ಕಾಸು ಕೊಟ್ಟು ಬಂದು ಕೇಳುತ್ತಿದ್ದರು. ಶಾಲೆಗಳಿಗೆ ಬೇಕಾದ ಪ್ರಯೋಗ ಸಾಮಗ್ರಿಗಳು ಹೊರದೇಶದಿಂದ ದುಬಾರಿ ಬೆಲೆಗೆ ಬರುತ್ತಿದ್ದುದನ್ನು ಕಂಡು, ಅವುಗಳನ್ನು ಅಗ್ಗವಾಗಿ ತಯಾರಿಸುವ ಕಾರ್ಯಾಗಾರವೊಂದನ್ನು ಸ್ವತಃ ತೆರೆದರು. ತಾಯ್ನುಡಿಯಲ್ಲಿ ವಿಜ್ಞಾನ ಹೇಳಲಾಗದು ಎಂಬ ಮಾತಿಗೆ ನೂರು ವರ್ಷಗಳಿಗೂ ಹಿಂದೆಯೇ ಅವರು ತಮ್ಮ ಕಾರ್ಯದಿಂದ ಉತ್ತರ ಕೊಟ್ಟಿದ್ದರು.

ಇಂಥ ತಂದೆಯ ಮಕ್ಕಳಿಗೆ ಮನೆಯೇ ಮೊದಲ ಪಾಠಶಾಲೆಯಾದುದು ಸಹಜ. ರಜೆ ಬಂದಿತೆಂದರೆ ರುಚಿರಾಮರು ಮಕ್ಕಳನ್ನು ಕರೆದುಕೊಂಡು ಬೆಟ್ಟಗುಡ್ಡಗಳಿಗೆ ಹೊರಡುವರು. ದಾರಿಯಲ್ಲಿ ಸಿಕ್ಕಿದ ಗಿಡದ ಎಲೆ, ವಿಚಿತ್ರವಾದ ಕಲ್ಲು, ಕಲ್ಲಿನಲ್ಲಿ ಅಚ್ಚೊತ್ತಿದ ಪ್ರಾಚೀನ ಜೀವಿಗಳ ಗುರುತು, ಇವನ್ನೆಲ್ಲ ಆಯ್ದು ಕೂಡಿಡಲು ಮಕ್ಕಳಿಗೆ ಪ್ರೋತ್ಸಾಹವಿತ್ತು. ರೋಹತಾಂಗ್ ಕಣಿವೆ, ಝೋಜಿಲಾ, ಅಮರನಾಥ, ಮಚೋಯಿ ಹಿಮನದಿ ಮೊದಲಾದ ದುರ್ಗಮ ಸ್ಥಳಗಳನ್ನು ಬೀರಬಲ್ಲರು ಹೀಗೆ ನಡೆದು ಕಂಡರು. ಹಿಮನದಿಯೆಂದರೇನು ಎಂಬುದನ್ನು ಪುಸ್ತಕದಲ್ಲಿ ಓದುವುದು ಬೇರೆ; ಜಾರುವ ಹಿಮದ ಮೇಲೆ ಕಾಲಿಟ್ಟು, ಅದು ಉಜ್ಜಿ ನುಣುಪು ಮಾಡಿದ ಬಂಡೆಯನ್ನು ಕೈಯಿಂದ ಸವರಿ ತಿಳಿಯುವುದು ಬೇರೆ. ಆ ಎರಡನೆಯ ಬಗೆಯ ವಿದ್ಯೆ ಅವರಿಗೆ ಎಳವೆಯಲ್ಲಿಯೇ ದೊರೆಯಿತು.

ಭೇರಾ ಊರಿಗೆ ಸಮೀಪದಲ್ಲಿ ಉಪ್ಪಿನ ಬೆಟ್ಟಗಳ ಸಾಲಿದೆ. ನಮ್ಮ ಮನೆಗಳಲ್ಲಿ ಔಷಧಕ್ಕೆ ಬಳಸುವ ಸೈಂಧವಲವಣ ಬಹುಕಾಲದಿಂದ ಆ ಪ್ರದೇಶದಿಂದ ಬರುತ್ತಿತ್ತು. ಅಲ್ಲಿನ ಖೇವ್ರಾ ಗಣಿಯಲ್ಲಿ ನಸುಗೆಂಪು ಬಣ್ಣದ ಉಪ್ಪು ಬಂಡೆಬಂಡೆಯಾಗಿ ನಿಂತಿದೆ. ಅದರ ಮೇಲೆ ಶಿಲೆಯ ಪದರಗಳು ಒಂದರ ಮೇಲೊಂದು ಅಡುಕಿದಂತೆ ಕಾಣುತ್ತವೆ. ಸಾಮಾನ್ಯವಾಗಿ ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಪ್ರತಿಯೊಂದು ಪದರವೂ ತಾನು ಮೂಡಿದ ಕಾಲದ ಜೀವಿಗಳ ಗುರುತನ್ನು ಒಡಲಲ್ಲಿ ಇಟ್ಟುಕೊಂಡಿರುತ್ತದೆ. ಭೂವಿಜ್ಞಾನದ ಈ ಮೊದಲ ಪಾಠವನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಸ್ಥಳ ಇರಲಾರದು. ಲಾಹೋರಿನಿಂದ ಭೇರಾಕ್ಕೆ ಬಂದಾಗಲೆಲ್ಲ ಬಾಲಕ ಬೀರಬಲ್ಲರು ಆ ಬೆಟ್ಟಗಳಲ್ಲಿ ಅಲೆದರು. ಆ ಬೆಟ್ಟಗಳ ಒಗಟು ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಬಾಲ್ಯದ ಒಂದು ಪ್ರಸಂಗವನ್ನು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಮರ್ರೀ ಗಿರಿಧಾಮದಲ್ಲಿದ್ದಾಗ ಬೀರಬಲ್ಲರು ಮನೆಯಲ್ಲಿ ಯಾರಿಗೂ ತಿಳಿಸದೆ ಒಡಹುಟ್ಟಿದ ಕಿರಿಯರನ್ನು ಕಟ್ಟಿಕೊಂಡು ಆಳವಾದ ಕಮರಿಗೆ ಇಳಿದುಬಿಟ್ಟರು. ಹಿಂದಿರುಗುವ ಹೊತ್ತಿಗೆ ಬಹಳ ತಡವಾಗಿತ್ತು. ಮನೆಯವರು ಗಾಬರಿಯಿಂದ ಹುಡುಕುತ್ತಿದ್ದರು. ಕೋಪಗೊಂಡಿದ್ದ ತಂದೆ ಕಾರಣ ಕೇಳಿದಾಗ, ತೊರೆಯಲ್ಲಿ ಏಡಿಗಳನ್ನು ಹಿಡಿಯಲು ಹೋಗಿದ್ದೆವೆಂದು ಬಾಲಕನು ಶಾಂತವಾಗಿ ಉತ್ತರಿಸಿದನು. ವಿಚಾರಣೆ ಅಲ್ಲಿಗೇ ಮುಗಿಯಿತು. ಹೇಳದೆ ಹೋದದ್ದು ತಪ್ಪೇ ಸರಿ. ಆದರೆ ಮಗನ ಕುತೂಹಲವನ್ನು ಹೊಡೆತದಿಂದ ಅಡಗಿಸಬಾರದೆಂಬ ವಿವೇಕ ಆ ತಂದೆಗಿತ್ತು.

ಲಾಹೋರಿನಲ್ಲಿ ಶಾಲಾ ಶಿಕ್ಷಣವನ್ನು ಮುಗಿಸಿದ ಬೀರಬಲ್ಲರು ತಂದೆ ಕಲಿಸುತ್ತಿದ್ದ ಸರಕಾರಿ ಕಾಲೇಜನ್ನೇ ಸೇರಿದರು. ಅಲ್ಲಿ ಪ್ರಸಿದ್ಧ ಸಸ್ಯಶಾಸ್ತ್ರಜ್ಞರಾದ ಶಿವರಾಮ ಕಶ್ಯಪರು ಅವರಿಗೆ ಗುರುಗಳಾದರು. 1911ರಲ್ಲಿ ಪದವಿ ಪಡೆದ ಬಳಿಕ ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹೊರಡುವ ಸಂದರ್ಭ ಒದಗಿತು. ಮಗನು ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ದೊಡ್ಡ ಅಧಿಕಾರಿಯಾಗಬೇಕೆಂಬುದು ತಂದೆಯ ಇಚ್ಛೆ. ಅಂದಿನ ದಿನಗಳಲ್ಲಿ ಅದಕ್ಕಿಂತ ದೊಡ್ಡ ಗೌರವ ಭಾರತೀಯ ತರುಣನಿಗೆ ಬೇರೊಂದಿರಲಿಲ್ಲ. ಎಂದೂ ತಂದೆಯ ಮಾತನ್ನು ಮೀರದಿದ್ದ ಬೀರಬಲ್ಲರು ಈ ಸಲ ವಿನಯದಿಂದ ತಮ್ಮ ಮನಸ್ಸನ್ನು ತೋಡಿಕೊಂಡರು. ಆಜ್ಞೆಯೆಂದಾದರೆ ಹೋಗುವೆನು, ನನ್ನ ಒಲವನ್ನು ಕೇಳುವುದಾದರೆ ಅದು ಸಸ್ಯಶಾಸ್ತ್ರದ ಸಂಶೋಧನೆಯೊಂದೇ ಎಂಬುದು ಅವರ ನಿಲುವು. ತಂದೆ ಸ್ವಲ್ಪ ಕಾಲ ಪಟ್ಟು ಹಿಡಿದರೂ ಕೊನೆಗೆ ಒಪ್ಪಿದರು. ಮಗನಿಗೆ ಬೆಟ್ಟದ ದಾರಿಯನ್ನು ತೋರಿಸಿದವರು ಅವರೇ. ಆ ದಾರಿಯಲ್ಲಿ ಮಗ ತಮ್ಮನ್ನು ದಾಟಿ ಮುಂದೆ ನಡೆದಾಗ ತಡೆಯುವುದು ಅವರಿಂದಾಗಲಿಲ್ಲ.

ಕೇಂಬ್ರಿಡ್ಜಿನ ಇಮ್ಯಾನ್ಯುಯೆಲ್ ಕಾಲೇಜಿನಲ್ಲಿ ಓದಿ ಬೀರಬಲ್ಲರು 1914ರಲ್ಲಿ ಪದವೀಧರರಾದರು. ಅನಂತರ ಜಗದ್ವಿಖ್ಯಾತ ಪುರಾಸಸ್ಯವಿಜ್ಞಾನಿ ಸೀವರ್ಡ್ ಅವರ ಶಿಷ್ಯರಾದರು. 1915ರಲ್ಲಿ ಪ್ರಕಟವಾದ ಅವರ ಮೊದಲ ಪ್ರಬಂಧವೇ ಅವರ ಸೂಕ್ಷ್ಮದೃಷ್ಟಿಗೆ ಸಾಕ್ಷಿ. ಗಿಂಕೋ ಎಂಬ ಮರದ ಅಂಡಕಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದಾಗ ಅವುಗಳೊಳಗೆ ಬೇರೆ ಜಾತಿಯ ಗಿಡದ ಪರಾಗಕಣಗಳು ಕಂಡುಬಂದವು. ಗಾಳಿಯಲ್ಲಿ ತೇಲಿ ಬಂದ ಪರಾಗವು ತನ್ನದಲ್ಲದ ಮನೆಯನ್ನೂ ಹೊಕ್ಕಬಹುದು. ಹಾಗಾದರೆ ಕಲ್ಲಾಗಿಹೋದ ಪ್ರಾಚೀನ ಬೀಜದೊಳಗೆ ಪರಾಗ ಸಿಕ್ಕಿತೆಂದ ಮಾತ್ರಕ್ಕೆ ಎರಡೂ ಒಂದೇ ಗಿಡದವೆಂದು ತೀರ್ಮಾನಿಸುವುದು ಸರಿಯಲ್ಲ ಎಂದು ಅವರು ಎಚ್ಚರಿಸಿದರು.

ಕೇಂಬ್ರಿಡ್ಜಿನಲ್ಲಿದ್ದಾಗಲೇ ಅವರು ಮತ್ತೊಂದು ಉಪಯುಕ್ತ ಕಾರ್ಯವನ್ನು ಕೈಗೊಂಡರು. ಭಾರತದ ವಿದ್ಯಾರ್ಥಿಗಳು ಆಗ ಲಾಸನ್ ಎಂಬಾತನ ಸಸ್ಯಶಾಸ್ತ್ರದ ಪಠ್ಯಪುಸ್ತಕವನ್ನು ಓದುತ್ತಿದ್ದರು. ಅದರಲ್ಲಿನ ಉದಾಹರಣೆಗಳು ಪರದೇಶದ ಗಿಡಗಳವು. ಕಣ್ಣೆದುರಿನ ಗಿಡವನ್ನು ಬಿಟ್ಟು ಎಂದೂ ಕಾಣದ ಗಿಡದ ಹೆಸರನ್ನು ಬಾಯಿಪಾಠ ಮಾಡುವುದರಿಂದ ಪ್ರಯೋಜನವೇನು? ಸಾಹನಿಯವರು ಆ ಗ್ರಂಥವನ್ನು ಪರಿಷ್ಕರಿಸಿ ಭಾರತದ ವಿದ್ಯಾರ್ಥಿಗಳಿಗೆ ಹೊಂದುವಂತೆ ಮಾಡಿದರು. ಬಹುಕಾಲ ಅದು ನಮ್ಮ ಕಾಲೇಜುಗಳಲ್ಲಿ ಬಳಕೆಯಲ್ಲಿತ್ತು.

1919ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಡಿ.ಎಸ್‌ಸಿ. ಪದವಿಯನ್ನು ಪಡೆದು ಅವರು ತಾಯ್ನಾಡಿಗೆ ಮರಳಿದರು. ಕಾಶಿಯಲ್ಲಿಯೂ ಲಾಹೋರಿನಲ್ಲಿಯೂ ಸ್ವಲ್ಪ ಕಾಲ ಪ್ರಾಧ್ಯಾಪಕರಾಗಿದ್ದು, 1921ರಲ್ಲಿ ಹೊಸದಾಗಿ ಸ್ಥಾಪನೆಯಾಗಿದ್ದ ಲಖನೌ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಇದಕ್ಕೆ ಮುನ್ನ 1920ರಲ್ಲಿ ಸಾವಿತ್ರಿ ಸೂರಿ ಎಂಬವರೊಡನೆ ಅವರ ವಿವಾಹ ನೆರವೇರಿತ್ತು. ಪತಿಯ ಪ್ರವಾಸಗಳಲ್ಲಿಯೂ ಸಂಶೋಧನೆಯಲ್ಲಿಯೂ ಸಾವಿತ್ರಿಯವರು ಸಮಭಾಗಿಗಳಾಗಿದ್ದರು.

ಲಖನೌದಲ್ಲಿ ಸಾಹನಿಯವರು ಅನುಸರಿಸಿದ ಒಂದು ಕ್ರಮ ಗಮನಾರ್ಹವಾದುದು. ದೊಡ್ಡ ಪ್ರಾಧ್ಯಾಪಕರು ಮೇಲಿನ ತರಗತಿಗಳಿಗೆ ಮಾತ್ರ ಪಾಠ ಹೇಳುವುದು, ಕೆಳಗಿನ ತರಗತಿಗಳನ್ನು ಕಿರಿಯರಿಗೆ ಬಿಡುವುದು ವಾಡಿಕೆ. ಸಾಹನಿಯವರು ಇದಕ್ಕೆ ವಿರುದ್ಧವಾಗಿ ನಡೆದರು. ಅಡಿಪಾಯ ಭದ್ರವಾಗಬೇಕಾದರೆ ಹೊಸದಾಗಿ ಬಂದ ವಿದ್ಯಾರ್ಥಿಗಳಿಗೇ ಅತ್ಯುತ್ತಮ ಬೋಧನೆ ದೊರೆಯಬೇಕೆಂದು ನಂಬಿ, ಆರಂಭದ ತರಗತಿಗೆ ತಾವೇ ಪಾಠ ಹೇಳುತ್ತಿದ್ದರು. ಸಸ್ಯಗಳ ಪಳೆಯುಳಿಕೆಗಳನ್ನು ಅರಿಯಲು ಶಿಲೆಗಳ ಜ್ಞಾನವೂ ಅಗತ್ಯವೆಂದು ಮನಗಂಡು 1943ರಲ್ಲಿ ಅದೇ ವಿಶ್ವವಿದ್ಯಾನಿಲಯದಲ್ಲಿ ಭೂವಿಜ್ಞಾನ ವಿಭಾಗವನ್ನೂ ತೆರೆಯಿಸಿದರು.

ಅವರ ಸಂಶೋಧನೆಯ ಸ್ವರೂಪವನ್ನು ಒಂದೆರಡು ಉದಾಹರಣೆಗಳಿಂದ ತಿಳಿಯಬಹುದು. ಈಗಿನ ಝಾರ್ಖಂಡ್ ರಾಜ್ಯದಲ್ಲಿ ರಾಜಮಹಲ್ ಬೆಟ್ಟಗಳಿವೆ. ಅಲ್ಲಿನ ಶಿಲೆಗಳಲ್ಲಿ ಹತ್ತು ಕೋಟಿ ವರ್ಷಗಳಿಗೂ ಹಿಂದಿನ ಸಸ್ಯಗಳ ಕಾಂಡ, ಎಲೆ, ಹೂವಿನಂಥ ಭಾಗಗಳು ಬಿಡಿಬಿಡಿಯಾಗಿ ಸಿಕ್ಕಿದ್ದವು. ಒಂದೊಂದಕ್ಕೂ ಬೇರೆ ಬೇರೆ ಹೆಸರನ್ನಿಟ್ಟು ವಿದ್ವಾಂಸರು ಸುಮ್ಮನಾಗಿದ್ದರು. ಒಡೆದ ಮಡಕೆಯ ಚೂರುಗಳನ್ನು ಜೋಡಿಸುವವನಂತೆ ಸಾಹನಿಯವರು ಅವುಗಳನ್ನು ತಾಳ್ಮೆಯಿಂದ ಹೋಲಿಸಿ ನೋಡಿ, ಇವೆಲ್ಲ ಒಂದೇ ಗಿಡದ ಅಂಗಗಳೆಂದು ತೋರಿಸಿದರು. 1932ರಲ್ಲಿ ಆ ಗಿಡದ ಪೂರ್ಣ ಚಿತ್ರವನ್ನು ಕಟ್ಟಿಕೊಟ್ಟು, ಗುರುವಿನ ಗೌರವಾರ್ಥವಾಗಿ ಅದಕ್ಕೆ ವಿಲಿಯಮ್‌ಸೋನಿಯ ಸೀವರ್ಡಿಯಾನ ಎಂದು ಹೆಸರಿಟ್ಟರು. ಅದೇ ಬೆಟ್ಟಗಳ ನಿಪಾನಿಯ ಎಂಬಲ್ಲಿನ ಕಲ್ಲುಗಳಿಂದ ಅದುವರೆಗೆ ಯಾರೂ ಅರಿಯದಿದ್ದ ಸಸ್ಯಗಳ ಒಂದು ಗುಂಪನ್ನೇ ಗುರುತಿಸಿ, 1948ರಲ್ಲಿ ಪೆಂಟಾಕ್ಸಿಲಿ ಎಂಬ ಹೆಸರಿನಿಂದ ಲೋಕಕ್ಕೆ ಪರಿಚಯಿಸಿದರು.

ನಮ್ಮ ಬೆಳಗಾವಿ, ವಿಜಯಪುರ, ಬೀದರ, ಕಲಬುರಗಿ ಪ್ರದೇಶಗಳಿಂದ ಮಹಾರಾಷ್ಟ್ರ, ಮಧ್ಯಪ್ರದೇಶಗಳವರೆಗೆ ಹರಡಿರುವ ಕರಿಯ ಕಲ್ಲಿನ ವಿಷಯವನ್ನೂ ಇಲ್ಲಿ ಹೇಳಬೇಕು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾರಸ ಪದರಪದರವಾಗಿ ಹರಿದು ತಣಿದು ಈ ಕಲ್ಲಾಯಿತು. ಒಂದು ಪ್ರವಾಹಕ್ಕೂ ಮತ್ತೊಂದಕ್ಕೂ ನಡುವೆ ದೀರ್ಘ ವಿರಾಮಗಳಿದ್ದವು. ಆ ಅವಧಿಯಲ್ಲಿ ಕೆರೆಕುಂಟೆಗಳು ಉಂಟಾಗಿ, ಗಿಡಮರಗಳು ಬೆಳೆದು, ಮತ್ತೆ ಲಾವಾರಸದ ಕೆಳಗೆ ಹೂತುಹೋದವು. ಈ ನಡುಪದರಗಳಲ್ಲಿ ಕಲ್ಲಾಗಿ ಉಳಿದ ತಾಳೆಯ ಜಾತಿಯ ಮರಗಳನ್ನೂ ನೀರಿನಲ್ಲಿ ತೇಲುವ ಜರಿಗಿಡಗಳನ್ನೂ ಮಧ್ಯಭಾರತದಿಂದ ತಂದು ಸಾಹನಿಯವರು ಅಧ್ಯಯನ ಮಾಡಿದರು. ಬರಡೆಂದು ತೋರುವ ಬಂಡೆಯ ನಡುವೆ ಒಂದು ಕಾಲದ ತಂಪಾದ ತೋಪು ಅಡಗಿದ್ದುದನ್ನು ಅವರು ಹೀಗೆ ಬೆಳಕಿಗೆ ತಂದರು.

ಭೂಖಂಡಗಳು ನಿಂತಲ್ಲಿಯೇ ನಿಂತಿಲ್ಲ, ನಿಧಾನವಾಗಿ ಚಲಿಸುತ್ತಿವೆ ಎಂದು ಜರ್ಮನಿಯ ವೆಗೆನರ್ ಪ್ರತಿಪಾದಿಸಿದಾಗ ಹಲವು ವಿದ್ವಾಂಸರು ನಕ್ಕರು. ಸಾಹನಿಯವರು ನಗಲಿಲ್ಲ. ನಾಲಗೆಯ ಆಕಾರದ ಎಲೆಗಳಿದ್ದ ಗ್ಲಾಸಾಪ್ಟೆರಿಸ್ ಎಂಬ ಸಸ್ಯದ ಪಳೆಯುಳಿಕೆಗಳು ಭಾರತ, ಆಫ್ರಿಕ, ಆಸ್ಟ್ರೇಲಿಯ, ದಕ್ಷಿಣ ಅಮೆರಿಕಗಳಲ್ಲಿ ಸಿಗುತ್ತವೆ. ಈಗ ಸಾಗರಗಳಿಂದ ದೂರವಾಗಿರುವ ನೆಲಗಳಲ್ಲಿ ಒಂದೇ ಗಿಡ ಬೆಳೆದದ್ದು ಹೇಗೆ? ಈಗ ನೆರೆಹೊರೆಯಾಗಿರುವ ಪ್ರದೇಶಗಳಲ್ಲಿ ತೀರ ಬೇರೆಯಾದ ಸಸ್ಯಸಮೂಹಗಳು ಬೆಳೆದದ್ದು ಹೇಗೆ? ಖಂಡಗಳು ಚಲಿಸಿದವೆಂದರೆ ಈ ಎರಡು ಪ್ರಶ್ನೆಗಳಿಗೂ ಉತ್ತರ ದೊರೆಯುತ್ತದೆಂದು 1930ರ ದಶಕದಲ್ಲಿಯೇ ಅವರು ಬರೆದರು. ಖಂಡಗಳ ಚಲನೆಯನ್ನು ವಿಜ್ಞಾನಲೋಕವು ಸಾಮಾನ್ಯವಾಗಿ ಒಪ್ಪಿದುದು 1960ರ ದಶಕದಲ್ಲಿ, ಅವರ ನಿಧನಾನಂತರ.

ಕಣ್ಣು ತೆರೆದು ನಡೆಯುವವನಿಗೆ ನೆಲವು ಏನನ್ನಾದರೂ ಕೊಡುತ್ತಲೇ ಇರುತ್ತದೆ. 1936ರಲ್ಲಿ ರೋಹತಕ್ ಪಟ್ಟಣದ ಬಳಿಯ ಖೋಖ್ರಾಕೋಟ್ ಎಂಬ ದಿಬ್ಬದಲ್ಲಿ ಸುತ್ತಾಡುತ್ತಿದ್ದಾಗ ಸಾಹನಿಯವರ ಸುತ್ತಿಗೆಗೆ ಸುಟ್ಟ ಮಣ್ಣಿನ ಚೂರುಗಳು ಸಿಕ್ಕಿದವು. ಅವು ಎರಡು ಸಾವಿರ ವರ್ಷಗಳ ಹಿಂದಿನ ಯೌಧೇಯರ ನಾಣ್ಯಗಳನ್ನು ಎರಕಹೊಯ್ಯುವ ಅಚ್ಚುಗಳಾಗಿದ್ದವು. ತಮ್ಮ ವಿಷಯವಲ್ಲವೆಂದು ಅವರು ಬಿಟ್ಟುಬಿಡಲಿಲ್ಲ. ಪ್ರಾಚೀನ ಭಾರತದಲ್ಲಿ ನಾಣ್ಯಗಳನ್ನು ಎರಕಹೊಯ್ಯುತ್ತಿದ್ದ ವಿಧಾನವನ್ನು ಕುರಿತು 1945ರಲ್ಲಿ ಗ್ರಂಥವನ್ನೇ ರಚಿಸಿ ಇತಿಹಾಸಕಾರರ ಮೆಚ್ಚುಗೆಗೆ ಪಾತ್ರರಾದರು.

ಬಾಲ್ಯದ ಉಪ್ಪಿನ ಬೆಟ್ಟಗಳಿಗೆ ಅವರು 1940ರ ದಶಕದಲ್ಲಿ ಮತ್ತೆ ಮರಳಿದರು. ಅಲ್ಲಿನ ಉಪ್ಪು ಎಷ್ಟು ಹಳೆಯದೆಂಬ ಬಗ್ಗೆ ವಿದ್ವಾಂಸರಲ್ಲಿ ದೊಡ್ಡ ವಿವಾದವಿತ್ತು. ಉಪ್ಪನ್ನೂ ಅದರೊಡನಿದ್ದ ಶಿಲೆಗಳನ್ನೂ ಪರೀಕ್ಷಿಸಿದಾಗ ಸೂಕ್ಷ್ಮವಾದ ಸಸ್ಯತುಣುಕುಗಳೂ ಕೀಟಗಳ ಅಂಶಗಳೂ ಕಂಡವು. ಅವುಗಳ ಆಧಾರದಿಂದ ಈ ಉಪ್ಪು ಸುಮಾರು ಐದು ಕೋಟಿ ವರ್ಷಗಳಷ್ಟು ಮಾತ್ರ ಹಳೆಯದೆಂದೂ, ಅದಕ್ಕಿಂತ ಹಳೆಯ ಶಿಲೆಗಳು ಆಮೇಲೆ ಅದರ ಮೇಲೆ ಸರಿದು ಬಂದಿರಬೇಕೆಂದೂ ಅವರು ವಾದಿಸಿದರು. ಆದರೆ ಈ ನಿರ್ಣಯವು ಮುಂದಿನ ಪರೀಕ್ಷೆಗೆ ನಿಲ್ಲಲಿಲ್ಲ. ಆ ಉಪ್ಪು ಐವತ್ತು ಕೋಟಿ ವರ್ಷಗಳಿಗೂ ಹಿಂದಿನದೆಂದು ಇಂದು ಭೂವಿಜ್ಞಾನಿಗಳು ಒಪ್ಪಿದ್ದಾರೆ. ಕರಗಿ ಮತ್ತೆ ಹರಳುಗಟ್ಟುವ ಉಪ್ಪಿನೊಳಗೆ ಹೊರಗಿನ ಕಣಗಳು ಸೇರುವುದು ಅಸಾಧ್ಯವಲ್ಲ. ತನ್ನದಲ್ಲದ ಮನೆಯನ್ನು ಹೊಕ್ಕ ಪರಾಗದ ಬಗ್ಗೆ ತಾರುಣ್ಯದಲ್ಲಿ ಲೋಕವನ್ನು ಎಚ್ಚರಿಸಿದ್ದವರೇ ತಾವು ಅತಿಯಾಗಿ ಪ್ರೀತಿಸಿದ ಬೆಟ್ಟಗಳ ವಿಷಯದಲ್ಲಿ ಎಡವಿದರು. ಇದರಿಂದ ಅವರ ಹಿರಿಮೆ ಕುಂದುವುದಿಲ್ಲ. ತಮ್ಮ ಆಧಾರಗಳನ್ನೆಲ್ಲ ಅವರು ಎಲ್ಲರ ಮುಂದಿಟ್ಟು ಚರ್ಚೆಗೆ ಕರೆದಿದ್ದುದರಿಂದಲೇ ಇತರರು ಅವನ್ನು ಒರೆಗೆ ಹಚ್ಚಿ ನೋಡುವುದು ಸಾಧ್ಯವಾಯಿತು. ಗುರುವಿನ ಮಾತನ್ನೂ ಸಾಕ್ಷ್ಯದಿಂದ ಅಳೆಯುವುದೇ ವಿಜ್ಞಾನದ ಧರ್ಮ.

ಕೀರ್ತಿ ಅವರನ್ನು ಹುಡುಕಿಕೊಂಡು ಬಂದಿತು. ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯವು 1929ರಲ್ಲಿ ಎಸ್‌ಸಿ.ಡಿ. ಪದವಿಯನ್ನಿತ್ತಿತು. 1936ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಅವರನ್ನು ಸದಸ್ಯರನ್ನಾಗಿ ಆರಿಸಿತು. 1940ರಲ್ಲಿ ಮದರಾಸಿನಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷ ಪದವಿ ಅವರಿಗೆ ದೊರೆಯಿತು. ಆದರೂ ಅವರ ಉಡುಪು ಸರಳವಾದ ಖಾದಿ; ನಡೆನುಡಿ ಮೃದು. ಸ್ವಂತ ಮಕ್ಕಳಿಲ್ಲದಿದ್ದರೂ ಬಂಧುಗಳ ಮಕ್ಕಳೆಂದರೆ ಅವರಿಗೆ ಪ್ರಾಣ. ಆಟಿಕೆಯ ಕೋತಿಯೊಂದನ್ನು ಕುಣಿಸಿ ಅವರನ್ನು ನಗಿಸುತ್ತಿದ್ದ ಈ ವಿಜ್ಞಾನಿ ಮಕ್ಕಳ ಪಾಲಿಗೆ ತಮಾಷೆಯ ಚಿಕ್ಕಪ್ಪನಾಗಿದ್ದರು. ಅವರ ತಮ್ಮ ಮುಲ್ಕರಾಜ ಸಾಹನಿಯವರೂ ಹೆಸರಾಂತ ಭೂವಿಜ್ಞಾನಿಯಾದರು. ಒಂದೇ ಮನೆಯಿಂದ ಇಂಥ ಇಬ್ಬರು ಬಂದುದು ಕೇವಲ ಆಕಸ್ಮಿಕವೆನ್ನಲಾಗದು. ಅದು ರುಚಿರಾಮರು ಬಿತ್ತಿದ ಬೀಜದ ಫಲ.

ಪುರಾಸಸ್ಯವಿಜ್ಞಾನಕ್ಕೆ ಮೀಸಲಾದ ಸಂಸ್ಥೆಯೊಂದು ಭಾರತದಲ್ಲಿರಬೇಕೆಂಬುದು ಸಾಹನಿಯವರ ಬಹುದಿನದ ಕನಸು. 1946ರಲ್ಲಿ ಅದು ಲಖನೌದಲ್ಲಿ ಆರಂಭವಾಯಿತು. ತಮ್ಮ ಪುಸ್ತಕಭಂಡಾರ, ಪಳೆಯುಳಿಕೆಗಳ ಸಂಗ್ರಹ ಮತ್ತು ಆಸ್ತಿಯನ್ನು ಸಾಹನಿ ದಂಪತಿಗಳು ಅದಕ್ಕೆ ಧಾರೆಯೆರೆದರು. ಕಟ್ಟಡದ ಶಂಕುಸ್ಥಾಪನೆಯ ಶಿಲೆಯನ್ನು ಅವರು ವಿಶೇಷ ರೀತಿಯಲ್ಲಿ ಸಿದ್ಧಪಡಿಸಿದರು. ಬೇರೆ ಬೇರೆ ದೇಶಗಳ, ಬೇರೆ ಬೇರೆ ಯುಗಗಳ ಪಳೆಯುಳಿಕೆಗಳನ್ನು ಅದರಲ್ಲಿ ಕೂರಿಸಿದ್ದರು. 1949ರ ಏಪ್ರಿಲ್ 3ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಆ ಶಿಲೆಯನ್ನು ಸ್ಥಾಪಿಸಿದರು. ಅದಾಗಿ ಒಂದು ವಾರದೊಳಗೆ, ಏಪ್ರಿಲ್ 9ರ ನಡುರಾತ್ರಿಯ ವೇಳೆಗೆ, ಹೃದಯಾಘಾತದಿಂದ ಸಾಹನಿಯವರು ತೀರಿಕೊಂಡರು. ಆಗ ಅವರಿಗೆ ಐವತ್ತೇಳು ವರ್ಷ. ಸಂಸ್ಥೆಯನ್ನು ಪೋಷಿಸಬೇಕೆಂಬುದೇ ಪತ್ನಿಗೆ ಅವರು ಹೇಳಿದ ಕೊನೆಯ ಮಾತೆನ್ನುತ್ತಾರೆ.

ಸಾವಿತ್ರಿಯವರು ಆ ಮಾತನ್ನು ಉಳಿಸಿಕೊಂಡರು. ದುಃಖವನ್ನು ನುಂಗಿಕೊಂಡು ಸಂಸ್ಥೆಯ ಹೊಣೆಯನ್ನು ತಾವೇ ಹೊತ್ತರು. ಕಟ್ಟಡ ಪೂರ್ಣಗೊಂಡು 1953ರ ಜನವರಿ 2ರಂದು ನೆಹರೂ ಅವರಿಂದಲೇ ಉದ್ಘಾಟನೆಯಾಯಿತು. ಬೀರಬಲ್ ಸಾಹನಿಯವರ ಹೆಸರನ್ನು ಹೊತ್ತ ಆ ಸಂಸ್ಥೆ ಇಂದಿಗೂ ಭೂಮಿಯ ಗತಕಾಲದ ಅಧ್ಯಯನದಲ್ಲಿ ತೊಡಗಿದೆ.

ಸಾಹನಿಯವರು ಹುಟ್ಟಿದ ನವೆಂಬರ್ 14 ನಮ್ಮಲ್ಲಿ ಮಕ್ಕಳ ದಿನವೂ ಹೌದು. ಈ ಕಾಕತಾಳೀಯಕ್ಕೆ ನಾವು ಅರ್ಥ ತುಂಬಬಹುದು. ಹಿಮಾಲಯವೂ ಉಪ್ಪಿನ ಬೆಟ್ಟವೂ ಎಲ್ಲ ಊರುಗಳ ಬಳಿ ಇರುವುದಿಲ್ಲ. ಆದರೆ ಓದಬೇಕಾದ ಕಲ್ಲು ಎಲ್ಲ ಊರುಗಳಲ್ಲಿಯೂ ಇದೆ. ಬಾದಾಮಿಯ ಮರಳುಗಲ್ಲಿನ ಮೇಲೆ ಪ್ರಾಚೀನ ಕಾಲದ ಅಲೆಗಳ ಗೆರೆಗಳಿವೆ. ಕರಾವಳಿಯ ಮನೆಗಳ ಗೋಡೆಗಳಲ್ಲಿ ಮಳೆ ಬಿಸಿಲುಗಳಿಗೆ ಶಿಲೆ ಕಳಿತು ಉಂಟಾದ ಜಂಬಿಟ್ಟಿಗೆಯಿದೆ. ಇವುಗಳ ಚೂರನ್ನು ಆಯ್ದು, ಸಿಕ್ಕಿದ ಸ್ಥಳವನ್ನೂ ದಿನವನ್ನೂ ಚೀಟಿಯಲ್ಲಿ ಬರೆದು ಅಂಟಿಸಿ, ಶಾಲೆಯ ಕಪಾಟಿನಲ್ಲಿ ಇಡಲು ಹಣ ಬೇಕಾಗಿಲ್ಲ. ಮನೆಯಲ್ಲಿ ನಿಮ್ಮ ತಮ್ಮನೋ ತಂಗಿಯೋ ಕಲ್ಲೊಂದನ್ನು ತಂದು ಇದೇನೆಂದು ಕೇಳಿದರೆ, ಉತ್ತರ ತಿಳಿಯದಿದ್ದರೂ ಗದರಿಸದೆ, ಅದನ್ನು ಕೈಗೆತ್ತಿಕೊಂಡು ಜೊತೆಯಲ್ಲಿ ಕುಳಿತು ನೋಡಿ. ಲಾಹೋರಿನ ಆ ಅಧ್ಯಾಪಕರು ತಮ್ಮ ಮಕ್ಕಳಿಗೆ ಮಾಡಿದ ದೊಡ್ಡ ಉಪಕಾರ ಅದೇ.